ಎಮಿಷನ್ ಟೆಸ್ಟ್‌ನಲ್ಲಿ ಫೇಲಾದ ಹಳೆಯ ಮಾರುತಿ 800 ಮತ್ತು ಕಾಣೆಯಾಗಿದ್ದ ಥರ್ಮೋಸ್ಟಾಟ್

ಎಮಿಷನ್ ಟೆಸ್ಟ್‌ನಲ್ಲಿ ಹಳೆಯ ಕಾರು ಫೇಲಾದಾಗ ಕೈಗೆ ಬರುವ ಚೀಟಿಯನ್ನು ಹೆಚ್ಚಿನವರು ಮಡಚಿ ಜೇಬಿಗಿಟ್ಟುಕೊಂಡು ಇನ್ನೊಂದು ಕೇಂದ್ರವನ್ನು ಹುಡುಕಿಕೊಂಡು ಹೋಗುತ್ತಾರೆ. ಎಂಜಿನ್ನಿನೊಳಗೆ ಪೆಟ್ರೋಲ್ ಹೇಗೆ ಉರಿಯುತ್ತಿದೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳುವ ದಾಖಲೆ ಅಷ್ಟು ಕಡಿಮೆ ದುಡ್ಡಿಗೆ ಬೇರೆಲ್ಲೂ ಸಿಗುವುದಿಲ್ಲ. ಕಲಬುರಗಿಯಲ್ಲಿ ನಾನು ಓಡಿಸುವ, ಕೆಎ 32 ನೋಂದಣಿಯ 2008ರ ಮಾರುತಿ 800 ಈ ಚಳಿಗಾಲದ ಒಂದು ಬೆಳಿಗ್ಗೆ ಫೇಲಾಯಿತು. ಕಾರಣ ಸಿಕ್ಕ ಬಗೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಅದೇ ಕಾರಣ ನಮ್ಮ ಭಾಗದ ಎಷ್ಟೋ ಹಳೆಯ ಕಾರುಗಳಲ್ಲಿ ಅಡಗಿರಬಹುದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸರ್ಕಾರದ ಹೊಗೆ ಮಾನದಂಡಗಳಾದ ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರುಗಳಿಗೆ (ನನ್ನದೂ ಇದೇ ಗುಂಪು), ಕಾರು ನಿಂತಲ್ಲೇ ಎಂಜಿನ್ ನಿಧಾನವಾಗಿ ಓಡುವ ಐಡಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.5ನ್ನೂ ಹೈಡ್ರೋಕಾರ್ಬನ್ 750 ಪಿಪಿಎಮ್ಮನ್ನೂ (ಹತ್ತು ಲಕ್ಷದಲ್ಲಿ 750 ಭಾಗ) ಮೀರಬಾರದು. ಸ್ಟೇಜ್ 4ರ ಕಾರುಗಳಿಗೆ ಈ ಮಿತಿ ಶೇ. 0.3 ಮತ್ತು 200 ಪಿಪಿಎಮ್‌ಗೆ ಇಳಿಯುತ್ತದೆ, ಜೊತೆಗೆ ಎಂಜಿನ್ ನಿಮಿಷಕ್ಕೆ 2500 ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗ ಇನ್ನೊಂದು ಪರೀಕ್ಷೆಯೂ ಇರುತ್ತದೆ. ನನ್ನ ಚೀಟಿಯಲ್ಲಿ ಮೊನಾಕ್ಸೈಡ್ ಶೇ. 1.9 ಎಂದಿತ್ತು, ಹೈಡ್ರೋಕಾರ್ಬನ್ 410 ಎಂದಿತ್ತು. ಎರಡನೆಯದು ಪಾಸು, ಮೊದಲನೆಯದು ಮಿತಿಯ ಮೂರು ಪಟ್ಟಿಗಿಂತ ಹೆಚ್ಚು.

ಈ ಎರಡು ಅಂಕಿಗಳನ್ನು ಜೊತೆಯಾಗಿ ಓದುವುದೇ ಇಡೀ ಕೆಲಸದ ತಿರುಳು. ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ದರೆ, ಪ್ಲಗ್ಗಿನ ಕೇಬಲ್ಲಿನಿಂದ ವಿದ್ಯುತ್ ಸೋರಿದರೆ ಅಥವಾ ವಾಲ್ವ್ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ಉರಿಯದೆಯೇ ಹೊರಬರುತ್ತದೆ. ಆಗ ಏರುವುದು ಹೈಡ್ರೋಕಾರ್ಬನ್. ಮೊನಾಕ್ಸೈಡ್ ಹುಟ್ಟಬೇಕಾದರೆ ಪೆಟ್ರೋಲ್ ಉರಿದಿರಲೇಬೇಕು, ಆದರೆ ಪೂರ್ತಿ ಉರಿಯುವಷ್ಟು ಆಮ್ಲಜನಕ ಅದಕ್ಕೆ ಸಿಕ್ಕಿರಬಾರದು. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕೆಂಬುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಲೆಕ್ಕ. ನನ್ನ ಕಾರಿನಲ್ಲಿ ಕಿಡಿ ಸರಿಯಾಗಿದ್ದು, ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಮಾತ್ರ ಹೆಚ್ಚಾಗಿ ಬೀಳುತ್ತಿದೆ ಎಂದು ಚೀಟಿಯೇ ಹೇಳುತ್ತಿತ್ತು.

ಹೀಗೆಂದಾಗ ಪರಿಚಿತರೆಲ್ಲ ಮೊದಲು ಬೆರಳು ತೋರಿಸಿದ್ದು ಏರ್ ಫಿಲ್ಟರಿನ ಕಡೆಗೆ. ಧೂಳು ಹೆಚ್ಚಿರುವ ಸೇಡಂ, ವಾಡಿ, ಶಹಾಬಾದ್ ಕಡೆ ಓಡಾಡುವ ಕಾರುಗಳ ಫಿಲ್ಟರ್ ಬಿಚ್ಚಿ ನೋಡಿದವರಿಗೆ ಈ ಅನುಮಾನ ಸಹಜವಾಗಿಯೇ ಬರುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಅದು ನಿಜವೂ ಆಗಿತ್ತು. ಆದರೆ ಕಂಪ್ಯೂಟರಿನ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ಈ ಎಂಪಿಎಫ್‌ಐ ಎಂಜಿನ್, ಗಾಳಿ ಒಳಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ. ಐಡಲಿಂಗ್‌ನಲ್ಲಿ ಗಾಳಿಯ ಬಾಗಿಲಾದ ಥ್ರಾಟಲ್ ಹೇಗೂ ಮುಚ್ಚಿಯೇ ಇರುವುದರಿಂದ ಧೂಳು ಹಿಡಿದ ಫಿಲ್ಟರ್ ಮೊನಾಕ್ಸೈಡನ್ನು ಇಷ್ಟು ಏರಿಸಲಾರದು. ಫಿಲ್ಟರ್ ಬದಲಿಸುವುದು ಒಳ್ಳೆಯದೇ, ಅದರಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ ಅಷ್ಟೆ. ಪೆಟ್ರೋಲಿನಲ್ಲಿ ಈಗ ಬೆರೆಸುವ ಶೇ. 20ರ ಎಥೆನಾಲ್ ಮೇಲೂ ದೂರು ಬಂತು. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದು ಮಿಶ್ರಣವನ್ನು ತೆಳುವಾಗಿಸುತ್ತದೆ, ಅಂದರೆ ಆಮ್ಲಜನಕದ ಪಾಲನ್ನು ಹೆಚ್ಚಿಸುತ್ತದೆ. ಹಳೆಯ ಕಾರಿನ ರಬ್ಬರ್ ಪೈಪುಗಳ ಬಗ್ಗೆ ಅದನ್ನು ದೂರಬಹುದೇ ಹೊರತು ಮೊನಾಕ್ಸೈಡ್ ಏರಿದ್ದಕ್ಕಲ್ಲ.

ಉಳಿದದ್ದು ಎಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಸುದ್ದಿ ತಲುಪಿಸುವ ದಾರಿಗಳು. ಸೈಲೆನ್ಸರ್ ಪೈಪು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಸೀಳಿದ್ದರೆ ಹೊರಗಿನ ಗಾಳಿ ಒಳಸೇರುತ್ತದೆ. ಆಗ ಪೆಟ್ರೋಲ್ ಕಡಿಮೆಯಾಯಿತೆಂದು ಸೆನ್ಸರ್ ತಿಳಿಸಿ, ಕಂಪ್ಯೂಟರ್ ಇನ್ನಷ್ಟು ಬಿಡುತ್ತದೆ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ, ಸೋಪಿನ ನೀರು ಹಾಕಿ ನೋಡಿದೆವು, ಗುಳ್ಳೆ ಏಳಲಿಲ್ಲ. ಸೆನ್ಸರಿನ ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ಅಳೆದಾಗ ಅದು 0.1 ಮತ್ತು 0.9ರ ನಡುವೆ ತೂಗಾಡುವ ಬದಲು 0.8ರ ಹತ್ತಿರವೇ ನಿಂತಿತ್ತು. ಅಂದರೆ ಸೆನ್ಸರ್ ಪೆಟ್ರೋಲ್ ಹೆಚ್ಚಾಗಿದೆಯೆಂದು ಹೇಳುತ್ತಲೇ ಇತ್ತು, ಕಂಪ್ಯೂಟರ್ ಆ ಮಾತನ್ನು ಕೇಳುತ್ತಿರಲಿಲ್ಲ.

ಕಂಪ್ಯೂಟರ್ ಹಾಗೆ ಕಿವಿಗೊಡದಿರುವುದು ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ಅದು ನಂಬಿರುವಾಗ. ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟಿನ ಶಾಖ ಏರಿದಂತೆಲ್ಲ ಕಂಪ್ಯೂಟರ್ ಅದನ್ನು ಕಡಿತಗೊಳಿಸಿ, ಆಮೇಲಷ್ಟೇ ಆಕ್ಸಿಜನ್ ಸೆನ್ಸರಿನ ಮಾತಿನಂತೆ ಅದು ನಡೆಯುತ್ತದೆ. ಶಾಖ ಅಳೆಯುವ ಸೆನ್ಸರಿನ ರೋಧ 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರಬೇಕು. ಬಿಸಿನೀರಿನ ಪಾತ್ರೆಯಲ್ಲಿಟ್ಟು ನೋಡಿದರೆ ಸೆನ್ಸರ್ ಸರಿಯಾಗಿಯೇ ಅಳೆಯುತ್ತಿತ್ತು. ಹಾಗಾದರೆ ಅದು ಹೇಳುತ್ತಿದ್ದುದು ನಿಜವೇ ಆಗಿತ್ತು: ಎಂಜಿನ್ ನಿಜವಾಗಿಯೂ ತಣ್ಣಗಿತ್ತು.

ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್ ಎಂದರೆ ಥರ್ಮೋಸ್ಟಾಟ್. ಅದು ಇರಬೇಕಾದ ಕಡೆ ಬಿಚ್ಚಿದಾಗ ಒಳಗೆ ಏನೂ ಇರಲಿಲ್ಲ. ಈ ಕಾರು ನನ್ನ ಕೈಗೆ ಬರುವ ಮುಂಚೆಯೇ ಯಾರೋ ಅದನ್ನು ತೆಗೆದುಹಾಕಿದ್ದರು. "ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬ್ಯಾಡ್ರಿ" ಎಂಬ ಮಾತನ್ನು ಇಲ್ಲಿನ ಗ್ಯಾರೇಜುಗಳಲ್ಲಿ ಕೇಳಿಯೇ ಇದ್ದೇನೆ. ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುವ ಊರಿನಲ್ಲಿ ಈ ನಂಬಿಕೆ ಏಕೆ ಬೆಳೆಯಿತೆಂಬುದು ನನಗೆ ಅರ್ಥವಾಗುತ್ತದೆ, ಆದರೂ ಇದನ್ನು ಒಪ್ಪಲಾರೆ. ಸುಮಾರು 82 ಡಿಗ್ರಿಯಲ್ಲಿ ತೆರೆಯತೊಡಗುವ ಥರ್ಮೋಸ್ಟಾಟ್ ಎಂಜಿನ್ ಹೆಚ್ಚು ಕಾದಷ್ಟೂ ಹೆಚ್ಚು ತೆರೆದುಕೊಳ್ಳುತ್ತದೆ. ಕೆಟ್ಟು ಮುಚ್ಚಿಕೊಂಡರೆ ಹೊರತು ಕಾರು ಕುದಿಯುವುದಕ್ಕೆ ಅದು ಕಾರಣವಾಗುವುದಿಲ್ಲ. ನಮ್ಮಲ್ಲಿ ಕಾರು ಕುದಿಯುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣಗಳು ರೇಡಿಯೇಟರಿನ ಸಂದುಗಳಲ್ಲಿ ಕೂತ ಧೂಳು, ಬೋರ್‌ವೆಲ್ಲಿನ ಗಡಸು ನೀರು ತುಂಬಿ ಒಳಗೆ ಕಟ್ಟಿದ ಸುಣ್ಣ ಮತ್ತು ತಿರುಗದ ಫ್ಯಾನು. ಅವನ್ನು ಸರಿಪಡಿಸದೆ ಥರ್ಮೋಸ್ಟಾಟ್ ಕಿತ್ತರೆ ಕಾರು ವರ್ಷದ ಬಹುಪಾಲು ದಿನ ಅರೆಬಿಸಿಯಲ್ಲೇ ಓಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲಿಗೆ ಪೆಟ್ರೋಲ್ ಬೆರೆತು ಸಿಲಿಂಡರ್ ಸವೆಯುತ್ತದೆ.

ಇದನ್ನು ಯಾವ ಉಪಕರಣವೂ ಇಲ್ಲದೆ ಮನೆಯಲ್ಲೇ ಪರೀಕ್ಷಿಸಬಹುದು. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಸರಿಯಿದ್ದರೆ ಹೋಸ್ ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕಾಯುತ್ತದೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಅಥವಾ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋಗುತ್ತದೆ. ಹುಮನಾಬಾದ್ ರಸ್ತೆಯಂಥ ತೆರೆದ ದಾರಿಯಲ್ಲಿ ವೇಗ ಹಿಡಿದಾಗ ಟೆಂಪರೇಚರ್ ಮುಳ್ಳು ಕೆಳಗಿಳಿದರೆ ಅದೂ ಇದೇ ಸೂಚನೆ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂಜಿನ್ ಚಾಲೂ ಇಡಬೇಡಿ. ಬಣ್ಣವೂ ವಾಸನೆಯೂ ಇಲ್ಲದ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಹೊಸ ಥರ್ಮೋಸ್ಟಾಟನ್ನು ಮೊದಲು ಬಿಸಿನೀರಿನಲ್ಲಿ ತೆರೆಯುವುದನ್ನು ನೋಡಿ, ಗಾಳಿ ಬಿಡುವ ಸಣ್ಣ ಪಿನ್ ಮೇಲೆ ಬರುವಂತೆ ಕೂರಿಸಿ, ರೇಡಿಯೇಟರ್ ತೊಳೆದು, ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟ್ ತುಂಬಿದೆವು. ಊರ ಹೊರಗಿನ ರಿಂಗ್ ರೋಡಿನಲ್ಲಿ ಓಡಿಸಿ, ಎಂಜಿನ್ ಆರಿಸದೆ ನೇರವಾಗಿ ತಪಾಸಣೆಗೆ ನಿಲ್ಲಿಸಿದಾಗ ಮೊನಾಕ್ಸೈಡ್ ಶೇ. 0.21, ಹೈಡ್ರೋಕಾರ್ಬನ್ 180 ಬಂತು. ಬದಲಿಸಲೇಬೇಕೆಂದು ಒಬ್ಬರು ಒತ್ತಾಯಿಸಿದ್ದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯಲ್ಲಿನ ವಿಷಾನಿಲಗಳನ್ನು ಕಡಿಮೆ ಮಾಡುವ ಭಾಗ) ಹಳೆಯದೇ ಇದೆ. ಎಷ್ಟೋ ಕಾಲ ಹೆಚ್ಚಿನ ಪೆಟ್ರೋಲ್ ಕಂಡಿರುವ ಕಾರಣ ಅದರ ಶಕ್ತಿ ಸ್ವಲ್ಪ ಕುಂದಿರಬಹುದು, ಆದ್ದರಿಂದ ಆರು ತಿಂಗಳ ನಂತರದ ಚೀಟಿಯನ್ನು ಈ ಎರಡರ ಜೊತೆಗಿಟ್ಟು ಹೋಲಿಸಲಿದ್ದೇನೆ.