ಕೆಸರು ಕಾಣದ ಜೀಪು

ಇಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ, ನಮ್ಮ ಪಕ್ಕದ ಮನೆಯ ಅಜ್ಜ ಕೊನೆಗೂ ತಮ್ಮ ಜೀಪನ್ನು ಮಾರಾಟಕ್ಕಿಟ್ಟಿದ್ದಾರೆ. ಗ್ಯಾರೇಜಿನ ಮುಂದೆ ನಿಲ್ಲಿಸಿ, ಗಾಜಿಗೆ ಒಂದು ರಟ್ಟು ಸಿಕ್ಕಿಸಿದ್ದಾರೆ. 1955ರ ವಿಲೀಸ್ ಸಿಜೆ-3ಬಿ, 22,000 ಡಾಲರ್. ಅದರ ಕೆಳಗೆ ಕೆಂಪು ಅಕ್ಷರದಲ್ಲಿ: ಹೊಸದು ಮಾಡಿದ ಮೇಲೆ ಮಳೆ ಕಂಡಿಲ್ಲ, ಉಪ್ಪು ಕಂಡಿಲ್ಲ, ಕೆಸರು ಕಂಡಿಲ್ಲ.

ಎಂಟು ವರ್ಷದ ನನ್ನ ಮಗಳು ಅದನ್ನು ಜೋರಾಗಿ ಓದಿದಳು. ಆಮೇಲೆ ಅಜ್ಜನನ್ನೇ ಕೇಳಿದಳು, "ಕೆಸರಿಗೆ ಹೋಗಲ್ಲ ಅಂದ್ರೆ ಇದಕ್ಕೆ ನಾಲ್ಕೂ ಚಕ್ರ ಎಳೆಯೋ ಫೋರ್ ವೀಲ್ ಡ್ರೈವ್ ಯಾಕೆ?"

ಅಜ್ಜ ನಕ್ಕರು. ಉತ್ತರ ಮಾತ್ರ ಕೊಡಲಿಲ್ಲ. ಬಾನೆಟ್ ಎತ್ತಿ ಎಂಜಿನ್ ತೋರಿಸೋಕೆ ಶುರು ಮಾಡಿದರು. ಉತ್ತರ ಗೊತ್ತಿಲ್ಲದಾಗ ಗಂಡಸರು ಮಾಡುವುದೇ ಅದು, ಅಲ್ವಾ?

ಆದರೆ ಎಂಜಿನ್ ನೋಡುವ ಹಾಗಿತ್ತು. ಹಳೇ ಮಿಲಿಟರಿ ಜೀಪಿಗಿಂತ ಇದರ ಬಾನೆಟ್ ಎತ್ತರ. ಒಳಗಿರುವ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್‌ಟೇಕ್ ವಾಲ್ವುಗಳು ಪಕ್ಕದಿಂದ ಮೇಲಕ್ಕೆ, ಎಂಜಿನ್ನಿನ ತಲೆಗೆ ಹೋದವು. ಎಂಜಿನ್ ಎತ್ತರವಾಯಿತು, ಅದರ ಜೊತೆ ಜೀಪಿನ ಮುಖವೂ ಉದ್ದವಾಯಿತು. ಆ ಉದ್ದ ಮುಖ ನಮಗೇನೂ ಹೊಸದಲ್ಲ. ಮಹೀಂದ್ರಾದವರು 1940ರ ದಶಕದ ಕೊನೆಯಿಂದಲೇ ಮುಂಬೈಯಲ್ಲಿ ವಿಲೀಸ್ ಜೀಪು ಜೋಡಿಸುತ್ತಿದ್ದವರು. ಇಲ್ಲಿಂದ ಗಂಟೆ ದಾರಿಯ ಟೊಲೆಡೊದಲ್ಲಿ ಸಿಜೆ-3ಬಿ ತಯಾರಿಕೆ 1968ಕ್ಕೆ ನಿಂತರೂ, ನಮ್ಮಲ್ಲಿ ಅದೇ ಅಚ್ಚಿನ ಜೀಪು ಆಮೇಲೂ ಎಷ್ಟೋ ವರ್ಷ ಬಂತು.

ಅಜ್ಜನ ಗ್ಯಾರೇಜಿನ ಕಪಾಟಿನಲ್ಲಿ ಸ್ಪೇರ್ ಪಾರ್ಟ್ಸ್ ಡಬ್ಬಗಳಿದ್ದವು. ಒಂದರ ಮೇಲೆ "ಮೇಡ್ ಇನ್ ಇಂಡಿಯಾ" ಅಂತ ಇತ್ತು. ನಾನು ಅದನ್ನು ಮಗಳಿಗೆ ಎರಡು ಸಲ ತೋರಿಸಿದೆ. ಅವಳಿಗೆ ಅದೇನೂ ದೊಡ್ಡ ವಿಷಯ ಅನಿಸಲಿಲ್ಲ. ಅಂದಹಾಗೆ, 2018ರಲ್ಲಿ ಇದೇ ಮಿಶಿಗನ್‌ಗೆ ಮಹೀಂದ್ರಾ ರಾಕ್ಸರ್ ಅನ್ನುವ ಗಾಡಿ ತಂದಿತ್ತು. ಅದು ಜೀಪಿನ ನಕಲು ಅಂತ ಜೀಪ್ ಕಂಪನಿ ತಕರಾರು ತೆಗೆಯಿತು. 2020ರಲ್ಲಿ ಆ ರೂಪದ ಮಾರಾಟಕ್ಕೆ ತಡೆ ಬಿತ್ತು, ಮುಖ ಬದಲಿಸಬೇಕಾಯಿತು. ಇವರೇ ಕಲಿಸಿದ ವಿದ್ಯೆ! ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ನಮ್ಮೂರು ಹೊಸನಗರದ ಕಡೆ. ದೊಡ್ಡಪ್ಪನ ಹತ್ತಿರ ಇದೇ ಮುಖದ ಜೀಪಿತ್ತು. ಅದರ ಹಿಂದಿನ ಸೀಟಿನ ಕೆಳಗೆ ತಗಡು ತುಕ್ಕು ಹಿಡಿದು, ಅಂಗೈ ಅಗಲದ ತೂತಾಗಿತ್ತು. ಅದರ ಮೇಲೊಂದು ಗೋಣಿಚೀಲ. ಗೋಣಿ ಸರಿಸಿದರೆ ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು. ಮಳೆಗಾಲದಲ್ಲಿ ಅಲ್ಲಿಂದ ಕೆಸರು ಚಿಮ್ಮಿ ಸ್ಕೂಲ್ ಯೂನಿಫಾರ್ಮ್ ಎಲ್ಲಾ ಕೆಂಪು. ಅಡಿಕೆ ಮೂಟೆ, ಹೆರಿಗೆಗೆ ಹೊರಟವರು, ಮದುವೆ ಪಾತ್ರೆ, ಎಲ್ಲದಕ್ಕೂ ಅದೊಂದೇ. ಚಡಾವಿನಲ್ಲಿ ಚಕ್ರ ಸುಮ್ನೆ ತಿರುಗೋಕೆ ಶುರುವಾದರೆ ದೊಡ್ಡಪ್ಪ ಗೇರಿನ ಪಕ್ಕದ ಎರಡು ಸಣ್ಣ ಲಿವರ್ ಎಳೆಯುತ್ತಿದ್ದರು. ಒಂದು ಫೋರ್ ವೀಲಿಗೆ, ಇನ್ನೊಂದು ಲೋ ಗೇರಿಗೆ. ಆಮೇಲೆ ಅದು ಒಂದು ಸಲ ನರಳಿ, ಏರಿಯೇಬಿಡುತ್ತಿತ್ತು. ಕೊಲ್ಲೂರಿನಿಂದ ಜೀಪಿನಲ್ಲಿ ಕೊಡಚಾದ್ರಿ ಹತ್ತಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಂತ ಡೀಸೆಲ್ ಎಂಜಿನ್ ಕೂರಿಸಿದರು. ಟಿಂಕರಿಂಗ್ ಮಾಡಿಸಿ ಮಾಡಿಸಿ ಬಾಡಿಯಲ್ಲಿ ಹಳೇ ತಗಡೇ ಉಳಿಯಲಿಲ್ಲ. ಕೊನೆಗೆ ಗುಜರಿಯವನು ಬಂದು ತೂಕ ಹಾಕಿ ತೆಗೆದುಕೊಂಡು ಹೋದ. ಮನೆಯಲ್ಲಿ ಯಾರೂ ಅದರ ಫೋಟೋ ಕೂಡ ತೆಗೆದಿಟ್ಟಿಲ್ಲ.

ನಮ್ಮವರಿಗೆ ಹಳೇ ವಸ್ತುವಿನ ಬೆಲೆ ಗೊತ್ತಿಲ್ಲ ಅಂತ ಇಲ್ಲಿ ಕೂತು ಹೇಳುವುದು ಸುಲಭ. ನಾನೂ ಹೇಳಿದ್ದುಂಟು. ಆದರೆ ಬೆಲೆ ಅಂದರೆ ಏನು ಅನ್ನುವುದರಲ್ಲೇ ಜಗಳ ಇದೆ. ಇಲ್ಲಿ 25 ವರ್ಷ ದಾಟಿದ ಗಾಡಿಗೆ ಹಿಸ್ಟಾರಿಕ್ ನಂಬರ್ ಪ್ಲೇಟ್ ಕೊಡುತ್ತಾರೆ. ಅದನ್ನು ಹಾಕಿಕೊಂಡರೆ ಪ್ರದರ್ಶನ, ಮೆರವಣಿಗೆಯಂಥದ್ದಕ್ಕೆ ಮಾತ್ರ ಹೋಗಬೇಕು. ಆಗಸ್ಟ್ ತಿಂಗಳಲ್ಲಿ ಮಾತ್ರ ಎಲ್ಲಿಗೆ ಬೇಕಾದರೂ ಓಡಿಸಬಹುದು! ನಮ್ಮಲ್ಲೂ 2021ರಲ್ಲಿ ನಿಯಮ ಬಂತು. 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿ "ವಿಎ" ಅಕ್ಷರದ ನಂಬರ್ ಪಡೆಯಬಹುದು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನಾ ಓಡಿಸುವಂತಿಲ್ಲ. ಅಂದರೆ ದೊಡ್ಡಪ್ಪನ ಜೀಪು ಇದ್ದಿದ್ದರೂ ಅದಕ್ಕೆ ಆ ಮರ್ಯಾದೆ ಸಿಗುತ್ತಿರಲಿಲ್ಲ. ದುಡಿದದ್ದು ಜಾಸ್ತಿಯಾಯಿತು, ಅಷ್ಟೇ.

ಅಜ್ಜನನ್ನು ದೂರುವುದೂ ತಪ್ಪು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ಗಾಡಿಗಳನ್ನು ಕೆಳಗಿನಿಂದಲೇ ತಿಂದುಹಾಕುತ್ತದೆ. ಅದಕ್ಕೇ ಅವರು ಅರಿಝೋನಾದ ಒಣಹವೆಯಲ್ಲಿದ್ದ ಗಾಡಿ ಹುಡುಕಿ ತಂದಿದ್ದು. ಬಾಡಿ ಕಳಚಿ, ಚಾಸಿಯನ್ನು ಬರೀ ಕಬ್ಬಿಣಕ್ಕೆ ಇಳಿಸಿ, ಒಂದೊಂದೇ ಬೋಲ್ಟ್ ಉಜ್ಜಿ ಕೂರಿಸಿದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಅಷ್ಟು ಕಷ್ಟಪಟ್ಟವರು ಕೆಸರಿಗೆ ಇಳಿಸೋಕೆ ಹಿಂಜರಿಯುವುದು ಸಹಜ.

ಕಳೆದ ಭಾನುವಾರ ಕೊಳ್ಳೋಕೆ ಒಬ್ಬರು ಬಂದಿದ್ದರು. ಸಣ್ಣ ಮ್ಯಾಗ್ನೆಟ್ ಹಿಡಿದು ಬಾಡಿಯ ಮೇಲೆಲ್ಲಾ ಆಡಿಸಿದರು. ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದರೆ ಅದು ಅಂಟುವುದಿಲ್ಲವಂತೆ. ಎಂಜಿನ್ ನಂಬರ್ ಬರೆದುಕೊಂಡರು. ಅಷ್ಟೆಲ್ಲಾ ಆದರೂ ಸೀಟಿನ ಮೇಲೆ ಕೂರಲೇ ಇಲ್ಲ. ಮಗಳು ನನ್ನ ಮುಖ ನೋಡಿದಳು.

ದೊಡ್ಡಪ್ಪನ ಮಗನಿಗೆ ಫೋಟೋ, ರೇಟು ಕಳಿಸಿದ್ದೆ. ತಕ್ಷಣ ಫೋನ್ ಬಂತು. "ಈ ದುಡ್ಡಿಗೆ ಹೊಸ ಥಾರ್ ಬರುತ್ತಲ್ಲೋ ಮಾರಾಯ! ಹೋಗಲಿ, ಎಷ್ಟು ಮೂಟೆ ಹಿಡಿಯುತ್ತೆ ಕೇಳು."

ಕೇಳಿದೆ. ಅಜ್ಜ ಗಾಬರಿಯಾದರು. ಹಿಂದೆ ಹೊಸ ಬಣ್ಣ ಹೊಡೆಸಿದೆ, ಭಾರ ಇಟ್ಟರೆ ಗೀರು ಬೀಳುತ್ತದೆ ಅಂದರು. ಅಣ್ಣನಿಗೆ ಹಾಗೇ ಹೇಳಿದೆ.

"ಹಾಗಾದ್ರೆ ನಮಗೆ ಬೇಡ ಬಿಡು" ಅಂದ, ಅಡ್ವಾನ್ಸ್ ಕೈಯಲ್ಲಿ ಹಿಡಿದು ನಿಂತವನ ಹಾಗೆ.