ಬರ್ಲಿನ್‌ನಲ್ಲಿ ಬರೀ ಗೋಡೆ ನೋಡಿ ಬರಬೇಡಿ

ಬರ್ಲಿನ್‌ನಲ್ಲಿ ಶೀತಲ ಸಮರದ ಹೆಸರು ಹೇಳಿ ಮಾರುವ ಟೂರ್‌ಗಳಲ್ಲಿ ಹೆಚ್ಚಿನವು ಕಥೆಯನ್ನು ಅರ್ಧದಿಂದ ಶುರುಮಾಡುತ್ತವೆ. ಗೋಡೆ ಎದ್ದದ್ದು 1961ರಲ್ಲಿ. ಹಿಟ್ಲರನನ್ನು ಜೊತೆಯಾಗಿ ಸೋಲಿಸಿದ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟದ ಸಂಬಂಧ ಹಳಸಿದ್ದು ಅದಕ್ಕೂ ಎಷ್ಟೋ ಮೊದಲು, 1945ರಿಂದ 1949ರೊಳಗೆ. ಆ ನಾಲ್ಕು ವರ್ಷಗಳ ಜಾಗಗಳು ಇದೇ ಊರಿನಲ್ಲಿ, ಪಕ್ಕದ ಪಾಟ್ಸ್‌ಡ್ಯಾಮ್‌ನಲ್ಲಿ ಇವತ್ತಿಗೂ ಇವೆ. ಬಹಳಷ್ಟಕ್ಕೆ ಟಿಕೆಟ್ಟೇ ಇಲ್ಲ, ನೂಕುನುಗ್ಗಲೂ ಇಲ್ಲ. ಇದನ್ನು ಯಾರೂ ಮೊದಲೇ ಹೇಳಲಿಲ್ಲವಲ್ಲ ಎಂಬ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ದುಡ್ಡು ಕಳೆದುಕೊಂಡ ಕಥೆ ಮೊದಲು. ತಲೆಗೆ ನಲವತ್ತು ಯೂರೋ ಹತ್ತಿರ ಕಿತ್ತುಕೊಂಡ ಒಂದು ಬಸ್ ಟೂರ್ ನಮ್ಮನ್ನು ಮೇಲ್ಮಹಡಿಯ ಬಿಸಿಲಿನಲ್ಲಿ ಕೂರಿಸಿತು. ಕಿವಿಗೆ ಸಿಕ್ಕಿಸಿಕೊಳ್ಳುವ ವೈರಿನಲ್ಲಿ ಇಂಗ್ಲಿಷ್ ವಿವರಣೆ ಬರುತ್ತದೆ ಅಂದಿದ್ದರು; ಬಂದದ್ದು ಬರೀ ಗೊರಗೊರ. ಪೂರ್ವ, ಪಶ್ಚಿಮ ಬರ್ಲಿನ್ ನಡುವಿನ ಗಡಿಠಾಣೆಯಾಗಿದ್ದ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಇಳಿಸಿ, ಒಂದು ಸ್ಮರಣಿಕೆ ಅಂಗಡಿಯ ಎದುರೇ ಬಹಳ ಹೊತ್ತು ನಿಲ್ಲಿಸಿದರು. ಅಲ್ಲಿ ರಸ್ತೆ ನಡುವೆ ಇರುವ ಬಿಳಿ ಕಾವಲು ಕೋಣೆ ಅಸಲಿಯಲ್ಲ, ಆಮೇಲೆ ಕಟ್ಟಿಟ್ಟ ಪ್ರತಿಕೃತಿ. 1961ರ ಅಕ್ಟೋಬರ್‌ನಲ್ಲಿ ಎರಡೂ ಕಡೆಯ ಟ್ಯಾಂಕುಗಳು ಎದುರುಬದುರು ನಿಂತಿದ್ದ ರಸ್ತೆ ಇದೇ ಎನ್ನುವುದು ನಿಜ, ಆದರೆ ಸೆಲ್ಫಿ ಕೋಲುಗಳ ಮಧ್ಯೆ ಅದನ್ನು ಕಲ್ಪಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಜನಜಂಗುಳಿ ಕಂಡರೆ ನನಗೆ ಮೊದಲಿಂದಲೂ ಆಗದು, ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಮುಂದಿನದ್ದನ್ನು ಓದಿ. ಅದೇ ಸುತ್ತಮುತ್ತ ಹಿಡಿದಿದ್ದ ರೂಮಂತೂ ಸೂಟ್‌ಕೇಸ್ ತೆರೆದರೆ ಕಾಲಿಡಲು ಜಾಗವಿಲ್ಲದ್ದು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಜೊತೆಗಿದ್ದ ಭಾವನವರು, ‘ದುಡ್ಡು ಕೊಟ್ಟಿದ್ದಕ್ಕೆ ಒಂದು ಗೋಡೆಯನ್ನಾದರೂ ತೋರಿಸಿದರಲ್ಲಪ್ಪ’ ಅಂದರು. ಟ್ರ್ಯಾಮ್ ಅಥವಾ ಎಸ್-ಬಾನ್ (ನಗರದ ಲೋಕಲ್ ರೈಲು) ಸ್ಟೇಷನ್ ಹತ್ತಿರ, ಊರಿನ ಪೂರ್ವಕ್ಕೆ ರೂಮು ಹುಡುಕಿ. ಇದೇ ದುಡ್ಡಿಗೆ ಎರಡರಷ್ಟು ಜಾಗ ಸಿಗುತ್ತದೆ.

ಭಾವ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಮರುದಿನದಿಂದ ಟೂರ್‌ಗಳ ಸಹವಾಸವೇ ಬೇಡ, ಕ್ರಮವಾಗಿ ಹೋಗೋಣ ಎಂದು ಕಾರ್ಲ್‌ಸ್‌ಹೋರ್ಸ್ಟ್‌ಗೆ ಕರೆದುಕೊಂಡು ಹೋದರು. ನಿಮಗೂ ನನ್ನ ಸಲಹೆ ಅದೇ: ಮೊದಲು ಅಲ್ಲಿಗೆ ಹೋಗಿ. ಎಸ್3 ರೈಲಿನಲ್ಲಿ ಅದೇ ಹೆಸರಿನ ಸ್ಟೇಷನ್‌ನಲ್ಲಿ ಇಳಿದು, ಮರಗಳ ಸಾಲಿನ ಬೀದಿಯಲ್ಲಿ ನಡೆದರೆ ಸಾಕು. ಜರ್ಮನ್ ಸೇನೆಯ ಅಧಿಕಾರಿಗಳ ಊಟದ ಮನೆಯಾಗಿದ್ದ ಕಟ್ಟಡ ಅದು, ಈಗ ಮ್ಯೂಸಿಯಂ. 1945ರ ಮೇ 8ರ ರಾತ್ರಿ ಜರ್ಮನಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ ಹಾಲ್ ಇರುವುದು ಇಲ್ಲೇ. ವಿಷಯ ಏನೆಂದರೆ, ಅದಕ್ಕೆ ಒಂದು ದಿನ ಮುಂಚೆಯೇ ಫ್ರಾನ್ಸಿನ ರೀಮ್ಸ್‌ನಲ್ಲಿ, ಐಸೆನ್‌ಹೋವರ್ ಮುಖ್ಯ ಕಚೇರಿಯಲ್ಲಿ ಜರ್ಮನ್ ಜನರಲ್ ಯೋಡ್ಲ್ ಶರಣಾಗತಿಗೆ ಸಹಿ ಹಾಕಿಯಾಗಿತ್ತು. ಸ್ಟಾಲಿನ್ ಅದನ್ನು ಸಾಕೆಂದು ಒಪ್ಪಲಿಲ್ಲ. ಅತಿ ಹೆಚ್ಚು ರಕ್ತ ಹರಿಸಿದವರು ನಾವು, ಸಹಿ ನಾವು ಗೆದ್ದ ಬರ್ಲಿನ್‌ನಲ್ಲೇ ಆಗಬೇಕು ಎಂದು ಹಟ ಹಿಡಿದ. ಹೀಗಾಗಿ ಇಲ್ಲಿ ಜರ್ಮನ್ ಸೇನೆಯ ಮುಖ್ಯಸ್ಥ ಕೈಟೆಲ್ ಮತ್ತೊಮ್ಮೆ ಸಹಿ ಹಾಕಿದ. ಎದುರಿಗೆ ಸೋವಿಯತ್ ಮಾರ್ಷಲ್ ಝುಕೋವ್, ಪಕ್ಕದಲ್ಲಿ ಬ್ರಿಟನ್ನಿನ ಟೆಡರ್. ಆ ಹೊತ್ತಿಗೆ ಮಾಸ್ಕೋದಲ್ಲಿ ತಾರೀಖು 9 ಆಗಿದ್ದರಿಂದ ಒಂದೇ ಗೆಲುವಿಗೆ ಎರಡು ಹಬ್ಬ. ಯುದ್ಧ ಮುಗಿದ ರಾತ್ರಿಯೇ ಯಾರಿಗೆ ಎಷ್ಟು ಪಾಲು ಎಂಬ ಲೆಕ್ಕ ಶುರುವಾಗಿತ್ತು ಅನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಸೋವಿಯತ್ ಕಡೆ ಸತ್ತವರು ಸುಮಾರು 2 ಕೋಟಿ 70 ಲಕ್ಷ. ಪಶ್ಚಿಮದವರು ಫ್ರಾನ್ಸಿನಲ್ಲಿ ಎರಡನೇ ರಣರಂಗ ತೆರೆದದ್ದು 1944ರ ಜೂನ್‌ನಲ್ಲಿ. ನಮ್ಮನ್ನು ಸಾಯಲು ಬಿಟ್ಟು ಕಾಯ್ದರು ಎಂಬ ಗುಮಾನಿ ಮಾಸ್ಕೋಗೆ. ಪೋಲೆಂಡಿನಲ್ಲಿ ಸ್ಟಾಲಿನ್ ತನ್ನ ಜನರನ್ನೇ ಕೂರಿಸುತ್ತಿದ್ದಾನೆ ಎಂಬ ಗುಮಾನಿ ಲಂಡನ್, ವಾಷಿಂಗ್‌ಟನ್‌ಗೆ. ಮ್ಯೂಸಿಯಂ ಈ ಎರಡನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಫೋಟೋಗಳನ್ನು ನಿಧಾನವಾಗಿ ನೋಡಿದರೆ ಗೊತ್ತಾಗುತ್ತದೆ. ಇದೇ ಕಟ್ಟಡ 1949ರವರೆಗೆ ಸೋವಿಯತ್ ಸೇನಾಡಳಿತದ ಕೇಂದ್ರವಾಗಿತ್ತು. ಆ ವರ್ಷ ಅಕ್ಟೋಬರ್‌ನಲ್ಲಿ ಪೂರ್ವ ಜರ್ಮನಿಯ ಹೊಸ ಸರ್ಕಾರಕ್ಕೆ ಆಡಳಿತ ಒಪ್ಪಿಸಿದ್ದೂ ಇಲ್ಲೇ. ಪ್ರವೇಶ ಉಚಿತ. ನಾವು ಒಳಗಿದ್ದಷ್ಟು ಹೊತ್ತು ಒಂದು ಶಾಲೆಯ ಮಕ್ಕಳ ಗುಂಪು ಬಿಟ್ಟರೆ ಇನ್ಯಾರೂ ಇರಲಿಲ್ಲ.

ಪಾಟ್ಸ್‌ಡ್ಯಾಮ್‌ಗೆ ಹೊರಟ ದಿನ ಮಾತ್ರ ಅನುಭವಿಸಿದೆವು. ಎಸ್-ಬಾನ್ ಹಳಿ ದುರಸ್ತಿಯೆಂದು ನಡುದಾರಿಯಲ್ಲೇ ಎಲ್ಲರನ್ನೂ ಇಳಿಸಿ ಬದಲಿ ಬಸ್ಸಿಗೆ ಹತ್ತಿ ಅಂದರು. ಅಂದರು ಅಂತ ಹೇಳುತ್ತಿದ್ದೇನೆ, ಆದರೆ ಹೇಳಿದ್ದು ಜರ್ಮನ್‌ನಲ್ಲಿ ಮಾತ್ರ. ಜನ ಓಡಿದ ಕಡೆ ನಾವೂ ಓಡಿದೆವು. ಬಸ್ ಪ್ರತಿ ಸ್ಟೇಷನ್ನಿನ ಹೆಸರಲ್ಲೂ ಗಲ್ಲಿಗಲ್ಲಿ ಸುತ್ತಿತು, ಸೈಕಲ್ ಹಿಡಿದವರು, ಮಗುವಿನ ಗಾಡಿಯವರು, ನಡುವೆ ಮಂಡಿನೋವಿನ ಭಾವ. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ. ಹೊರಡುವ ಹಿಂದಿನ ರಾತ್ರಿ ಸಾರಿಗೆ ಆ್ಯಪ್‌ನಲ್ಲಿ ಮಾರ್ಗವನ್ನು ಇನ್ನೊಮ್ಮೆ ನೋಡಿ. ವಾರಾಂತ್ಯದಲ್ಲಂತೂ ಖಂಡಿತ ನೋಡಿ. ಸಾಧ್ಯವಾದರೆ ಎಸ್-ಬಾನ್ ಬಿಟ್ಟು ಪ್ರಾದೇಶಿಕ ರೈಲು ಹಿಡಿಯಿರಿ. ಪಾಟ್ಸ್‌ಡ್ಯಾಮ್ ಟಿಕೆಟ್ ದರದ ಸಿ ವಲಯದಲ್ಲಿದೆ, ಆದ್ದರಿಂದ ಎಬಿಸಿ ಟಿಕೆಟ್ಟೇ ಬೇಕು. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪೆಟ್ಟಿಗೆಯಲ್ಲಿ ಮುದ್ರೆ ಹೊಡೆಸಿಕೊಳ್ಳಿ. ದುಡ್ಡು ಕೊಟ್ಟು ಕೊಂಡಿದ್ದರೂ ಮುದ್ರೆ ಇಲ್ಲದಿದ್ದರೆ 60 ಯೂರೋ ದಂಡ.

ಅಷ್ಟೆಲ್ಲ ಪಟ್ಟ ಮೇಲೂ ಸೆಸಿಲಿಯನ್‌ಹೋಫ್ ಅರಮನೆಯ ಅಂಗಳಕ್ಕೆ ಕಾಲಿಟ್ಟಾಗ ಭಾವನ ಮುಖದ ಸುಕ್ಕೆಲ್ಲ ಹೋಯಿತು. ಅರಮನೆ ಅಂದರೆ ಚಿನ್ನದ ಗಿಲೀಟು ನಿರೀಕ್ಷಿಸಬೇಡಿ. ಜರ್ಮನಿಯ ಚಕ್ರವರ್ತಿ ಕೈಸರನ ಮಗನಿಗೆಂದು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಕಟ್ಟಿದ, ಇಂಗ್ಲಿಷ್ ಹಳ್ಳಿಮನೆಯ ಮಾದರಿಯ ದೊಡ್ಡ ಮನೆ. 1945ರ ಜುಲೈ 17ರಿಂದ ಆಗಸ್ಟ್ 2ರವರೆಗೆ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟದ ಮೂವರು ನಾಯಕರು ಸೇರಿದ್ದು ಇಲ್ಲಿ. ಸಭೆಗೆ ಜಾಗ ಸಿದ್ಧಮಾಡಿದ ಸೋವಿಯತ್ ಸೇನೆ ಅಂಗಳದ ನಟ್ಟನಡುವೆ ಕೆಂಪು ಹೂಗಳಲ್ಲಿ ದೊಡ್ಡ ನಕ್ಷತ್ರ ನೆಟ್ಟಿತು, ಬಂದ ಅತಿಥಿಗಳು ಮೊದಲು ಅದನ್ನೇ ನೋಡಲಿ ಎಂದು. ಅದನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಒಳಗಿನ ದುಂಡು ಮೇಜು ಮಾಸ್ಕೋದಲ್ಲೇ ಮಾಡಿಸಿ ತಂದದ್ದು, ಅಡ್ಡಳತೆ ಮೂರು ಮೀಟರಿಗೂ ಹೆಚ್ಚು. ಒಬ್ಬೊಬ್ಬರ ತಂಡಕ್ಕೂ ಬೇರೆ ಬೇರೆ ಬಾಗಿಲು.

ಆ ಮೇಜಿನ ಮುಂದೆ ನಿಂತು ಭಾವ ಪಾಠ ಶುರುಮಾಡಿದರು, ಕಾವಲಿನವಳು ಗುರಾಯಿಸಿದರೂ ನಿಲ್ಲಿಸಲಿಲ್ಲ. ರೂಸ್‌ವೆಲ್ಟ್ ಏಪ್ರಿಲ್‌ನಲ್ಲಿ ತೀರಿಹೋಗಿದ್ದರು, ಅವರ ಕುರ್ಚಿಗೆ ಟ್ರೂಮನ್ ಹೊಸಬ. ಚರ್ಚಿಲ್ ಸಭೆಯ ನಡುವೆಯೇ ಚುನಾವಣೆ ಸೋತು ಹೋದರು, ಅವರ ಜಾಗಕ್ಕೆ ಆಟ್ಲಿ ಬಂದರು. ಯುದ್ಧಕಾಲದ ಮೂವರಲ್ಲಿ ಕೊನೆಯವರೆಗೆ ಕೂತಿದ್ದು ಸ್ಟಾಲಿನ್ ಒಬ್ಬನೇ. ಸಭೆಯ ಹಿಂದಿನ ದಿನ ಅಮೆರಿಕ ನ್ಯೂ ಮೆಕ್ಸಿಕೋದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿತ್ತು. ಜುಲೈ 24ರಂದು ಟ್ರೂಮನ್ ಸ್ಟಾಲಿನ್ ಬಳಿ ಹೋಗಿ, ಭಾರೀ ಶಕ್ತಿಯ ಹೊಸ ಅಸ್ತ್ರವೊಂದು ನಮ್ಮ ಹತ್ತಿರ ಇದೆ ಎಂದಷ್ಟೇ ಉಸುರಿದರು. ಸ್ಟಾಲಿನ್‌ಗೆ ಗೂಢಚಾರರಿಂದ ಅದೆಲ್ಲ ಮೊದಲೇ ತಿಳಿದಿತ್ತು. ಒಬ್ಬ ಅರ್ಧ ಹೇಳಿದ, ಇನ್ನೊಬ್ಬ ಪೂರ್ತಿ ಗೊತ್ತಿದ್ದೂ ಸುಮ್ಮನಿದ್ದ. ಜರ್ಮನಿ ಕೊಡಬೇಕಾದ ಯುದ್ಧ ಪರಿಹಾರದ ವಿಷಯದಲ್ಲಂತೂ ಅವರವರು ಹಿಡಿದಿಟ್ಟುಕೊಂಡ ವಲಯದಿಂದ ಅವರವರೇ ತೆಗೆದುಕೊಳ್ಳುವುದು ಎಂದಾಯಿತು, ಪಶ್ಚಿಮದ ವಲಯಗಳಿಂದ ರಷ್ಯನ್ನರಿಗೆ ಸ್ವಲ್ಪ ಯಂತ್ರಸಾಮಗ್ರಿ ಮೇಲಿನಿಂದ. ‘ಅಲ್ಲಿಗೆ ಜರ್ಮನಿ ಒಡೆದೇ ಹೋಯಿತು ಕಣಯ್ಯಾ, ಆಮೇಲಿನದ್ದೆಲ್ಲ ಬರೀ ಕಾಗದಪತ್ರ’ ಅನ್ನುವುದು ಭಾವನ ವಾದ. ನನಗೆ ಅಷ್ಟು ಸರಳ ಅನ್ನಿಸುವುದಿಲ್ಲ. 1947ರಲ್ಲಿ ಟ್ರೂಮನ್ ಗ್ರೀಸ್ ಮತ್ತು ಟರ್ಕಿಗೆ ನೆರವು ಘೋಷಿಸಿ, ಅದರ ಬೆನ್ನಿಗೆ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ದುಡ್ಡು ಕೊಡುವ ಮಾರ್ಷಲ್ ಯೋಜನೆ ಬಂದು, ಪೂರ್ವ ಯುರೋಪಿನವರು ಅದಕ್ಕೆ ಸೇರದಂತೆ ಮಾಸ್ಕೋ ತಡೆದ ಮೇಲೇ ಇದು ಇಬ್ಬರ ಸಿದ್ಧಾಂತಗಳ ಜಗಳವಾಗಿದ್ದು. ಅಲ್ಲಿಯವರೆಗೆ ಪಾಲಿನ ಜಗಳ.

ಹಿಂದಿನ ಕೆರೆಯ ದಂಡೆಗೆ ಹೋಗಲು ಮರೆಯಬೇಡಿ. 1961ರ ನಂತರ ಗಡಿಬೇಲಿ ಹಾದುಹೋದದ್ದು ಈ ತೋಟದ ಅಂಚಿನಲ್ಲೇ; ಮೂವರೂ ಕೂತು ಒಪ್ಪಂದ ಮಾಡಿದ ಮನೆಯಿಂದ ಕೆರೆಯೇ ಕಾಣದ ಹಾಗಾಯಿತು. ದಂಡೆ ಹಿಡಿದು ನಡೆದರೆ ಗ್ಲೀನಿಕೆ ಸೇತುವೆ. 1962ರ ಫೆಬ್ರುವರಿಯಲ್ಲಿ ಅಮೆರಿಕದ ಬೇಹುಗಾರಿಕೆ ವಿಮಾನದ ಪೈಲಟ್ ಪವರ್ಸ್ ಮತ್ತು ಸೋವಿಯತ್ ಗೂಢಚಾರ ಏಬಲ್ ಅದಲುಬದಲಾದ ಸೇತುವೆ. ನೋಡಲು ಸಾಧಾರಣ, ಐದು ನಿಮಿಷ ಸಾಕು. ಇನ್ನೊಂದು ಎಚ್ಚರಿಕೆ: ದೊಡ್ಡ ದುರಸ್ತಿಗೆಂದು ಸೆಸಿಲಿಯನ್‌ಹೋಫ್ ಒಳಭಾಗವನ್ನು 2024ರ ಕೊನೆಯಿಂದ ಮುಚ್ಚಿದ್ದಾರೆ. ನಾವು ಅದಕ್ಕೂ ಮುಂಚೆ ಹೋದವರು. ತೆರೆದಿದೆಯೇ ಎಂದು ತಿಳಿದುಕೊಳ್ಳದೆ ಹೊರಡಬೇಡಿ.

ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಪ್ರವಾಸದಲ್ಲಿ ಯಾವ ತಕರಾರೂ ಇಲ್ಲದೆ ಹೊಗಳಬಹುದಾದದ್ದು ಅದೊಂದೇ. ಕ್ರಾಯ್ಟ್ಸ್‌ಬೆರ್ಗ್‌ನ ಕೊಟ್‌ಬುಸರ್ ಟೋರ್ ಸ್ಟೇಷನ್ ಸುತ್ತ ಟರ್ಕಿಯವರ ಸಣ್ಣ ಹೋಟೆಲುಗಳಿವೆ. ಒಂದು ಮೂಲೆ ಅಂಗಡಿಯಲ್ಲಿ ಕೆಂಪು ಬೇಳೆಯ ಸೂಪ್ ಕುಡಿದೆವು. ನಮ್ಮ ತೊವ್ವೆಯನ್ನು ನುಣ್ಣಗೆ ಕಡೆದು, ಮೇಲೆ ಬೆಣ್ಣೆಯಲ್ಲಿ ಮೆಣಸಿನಪುಡಿ ಕರಗಿಸಿ ಸುರಿದ ಹಾಗೆ. ಪಕ್ಕದಲ್ಲಿ ನಿಂಬೆಹೋಳು, ಬಿಸಿ ರೊಟ್ಟಿ ಒಂದು ಬುಟ್ಟಿ ತುಂಬ. ಮುಗಿದರೆ ಕೇಳದೆಯೇ ಇನ್ನೊಂದು ಬುಟ್ಟಿ. ಐದಾರು ಯೂರೋಗೆ ಹೊಟ್ಟೆ ಬಿರಿಯುವಷ್ಟು. ಊಟವಾದ ಮೇಲೆ ಪುಟ್ಟ ಲೋಟದಲ್ಲಿ ಟೀ ತಂದಿಟ್ಟ ಹಿರಿಯರು ಅದಕ್ಕೆ ದುಡ್ಡೇ ತೆಗೆದುಕೊಳ್ಳಲಿಲ್ಲ. ಆಮೇಲೆ ಎಲ್ಲಿದ್ದರೂ ಸಂಜೆ ಊಟಕ್ಕೆ ಅಲ್ಲಿಗೇ ಬರುತ್ತಿದ್ದೆವು. ಸಸ್ಯಾಹಾರಿಗಳು ಸೂಪಿಗೆ ಮೂಳೆಯ ಸಾರು ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಬೇಕು, ಕೆಲವು ಕಡೆ ಹಾಕುತ್ತಾರೆ. ಅಂದಹಾಗೆ ಈ ಹೋಟೆಲುಗಳು ಇಲ್ಲಿರುವುದಕ್ಕೂ ಆ ಜಗಳವೇ ಕಾರಣಗಳಲ್ಲೊಂದು. ಗೋಡೆ ಎದ್ದು ಪೂರ್ವದ ಕೆಲಸಗಾರರು ಬರುವುದು ನಿಂತಿತು. ಅದೇ 1961ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿ ಟರ್ಕಿಯ ಜೊತೆ ಕೂಲಿಕಾರರ ಒಪ್ಪಂದ ಮಾಡಿಕೊಂಡಿತು.

ಟೆಂಪೆಲ್‌ಹೋಫ್‌ಗೆ ಗಾಳಿ ತಡೆಯುವ ಜಾಕೆಟ್ ಹಾಕಿಕೊಂಡು ಹೋಗಿ. 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣ ಈಗ ಸುಮಾರು 300 ಹೆಕ್ಟೇರಿನ ಬಯಲು. ರನ್‌ವೇ ಮೇಲೆ ಸೈಕಲ್ ಹೊಡೆಯಬಹುದು. 1948ರ ಜೂನ್‌ನಲ್ಲಿ ಪಶ್ಚಿಮದ ವಲಯಗಳಿಗೆ ಹೊಸ ಕರೆನ್ಸಿ ತಂದದ್ದೇ ನೆಪವಾಗಿ ಸೋವಿಯತ್ ಕಡೆಯವರು, ತಮ್ಮ ವಲಯದ ನಡುವೆ ಇದ್ದ ಪಶ್ಚಿಮ ಬರ್ಲಿನ್‌ನ ರಸ್ತೆ, ರೈಲು, ಕಾಲುವೆ ಎಲ್ಲ ಬಂದ್ ಮಾಡಿದರು. ಒಳಗೆ 20 ಲಕ್ಷಕ್ಕೂ ಹೆಚ್ಚು ಜನ. ಇಲ್ಲಿ ನನಗೆ ಆಶ್ಚರ್ಯವಾದ ಸಂಗತಿ ಇದು: ಸ್ನೇಹ ಇದ್ದಾಗ ರಸ್ತೆ ಬಳಕೆಗೆ ಯಾರೂ ಬರಹದಲ್ಲಿ ಒಪ್ಪಂದ ಮಾಡಿಕೊಂಡಿರಲಿಲ್ಲ, ಆಕಾಶಮಾರ್ಗಕ್ಕೆ ಮಾತ್ರ 1945ರ ನವೆಂಬರ್‌ನಲ್ಲಿ ಮೂರು ದಾರಿ ಗೊತ್ತುಮಾಡಿ ಬರೆದಿಟ್ಟಿದ್ದರು. ಹಾಗಾಗಿ ಪಶ್ಚಿಮದವರ ವಿಮಾನಗಳಷ್ಟೇ ಸರಕು ಹೊತ್ತು ಬಂದವು, ಅವುಗಳಲ್ಲಿ ಬಹಳಷ್ಟು ಇಳಿದದ್ದು ಇಲ್ಲೇ. ಹದಿನೈದು ತಿಂಗಳಲ್ಲಿ 2 ಲಕ್ಷ 77 ಸಾವಿರದಷ್ಟು ಹಾರಾಟ, 23 ಲಕ್ಷ ಟನ್ ಸರಕು, ಅದರಲ್ಲಿ ಹೆಚ್ಚಿನದು ಕಲ್ಲಿದ್ದಲು. ಮೆಟ್ರೊದ ಯು6 ಮಾರ್ಗದ ಪ್ಲಾಟ್ಸ್ ಡೆರ್ ಲುಫ್ಟ್‌ಬ್ರೂಕೆ ಸ್ಟೇಷನ್ ಎದುರು, ಸತ್ತ ವಿಮಾನ ಸಿಬ್ಬಂದಿಯ ಹೆಸರು ಕೆತ್ತಿದ ಸ್ಮಾರಕ ಇದೆ. ಟರ್ಮಿನಲ್ ಒಳಗಿನ ಗೈಡೆಡ್ ಟೂರ್‌ಗೆ ದುಡ್ಡು ಕೊಡಬೇಕು. ನಾವು ಟೂರ್ ಎಂಬ ಮಾತು ಕೇಳಿಯೇ ಬಿಟ್ಟೆವು.

ಆ ವಿಮಾನಗಳಲ್ಲೊಂದನ್ನು ಹತ್ತಿರದಿಂದ ನೋಡಬೇಕೆಂದರೆ ಯು3 ಹಿಡಿದು ಕ್ಲೇಅಲೀ ರಸ್ತೆಯ ಅಲೈಡ್ ಮ್ಯೂಸಿಯಂಗೆ ಹೋಗಿ. ಅಂಗಳದಲ್ಲಿ ಬ್ರಿಟಿಷರ ಹೇಸ್ಟಿಂಗ್ಸ್ ವಿಮಾನವಿದೆ. ಚೆಕ್‌ಪಾಯಿಂಟ್ ಚಾರ್ಲಿಯ ಅಸಲಿ ಕಾವಲು ಕೋಣೆ ಇರುವುದೂ ಇಲ್ಲೇ. ಪೂರ್ವದ ಟೆಲಿಫೋನ್ ತಂತಿಗೆ ಕಿವಿಕೊಡಲು ಅಮೆರಿಕ, ಬ್ರಿಟನ್ ಸೇರಿ ತೋಡಿದ್ದ ಸುರಂಗದ ಒಂದು ತುಂಡೂ ಇದೆ. ಕೆಲಸ ಶುರುವಾಗುವ ಮೊದಲೇ, ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದೇ ಸೋವಿಯತ್ ಪರ ಕೆಲಸ ಮಾಡುತ್ತಿದ್ದ ಜಾರ್ಜ್ ಬ್ಲೇಕ್ ಅದನ್ನು ಮಾಸ್ಕೋಗೆ ತಿಳಿಸಿದ್ದ. ಎಲ್ಲ ಉಚಿತ.

ಕ್ಲೈಸ್ಟ್‌ಪಾರ್ಕ್‌ನ ನ್ಯಾಯಾಲಯ ಕಟ್ಟಡವನ್ನು ದಾರಿಯಲ್ಲಿದ್ದರೆ ಮಾತ್ರ ನೋಡಿ, ಹೊರಗಿನಿಂದಷ್ಟೇ. ಜರ್ಮನಿಯನ್ನು ಆಳಲು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಈ ನಾಲ್ಕು ರಾಷ್ಟ್ರಗಳು ಮಾಡಿಕೊಂಡ ನಿಯಂತ್ರಣ ಮಂಡಳಿ ಕೂರುತ್ತಿದ್ದ ಈ ಕಟ್ಟಡದಿಂದ 1948ರ ಮಾರ್ಚ್ 20ರಂದು ಸೋವಿಯತ್ ಮಾರ್ಷಲ್ ಸೊಕೊಲೊವ್‌ಸ್ಕಿ ಎದ್ದು ನಡೆದುಬಿಟ್ಟ. ಮಂಡಳಿ ನಿಂತರೂ ವಿಮಾನಗಳಿಗೆ ದಾರಿ ಗೊತ್ತುಮಾಡುವ ಒಂದು ಕಚೇರಿಯಲ್ಲಿ ನಾಲ್ಕೂ ದೇಶದವರು 1990ರವರೆಗೆ ಒಟ್ಟಿಗೆ ಕೆಲಸ ಮಾಡುತ್ತಲೇ ಇದ್ದರು.

ಟೀರ್‌ಗಾರ್ಟನ್‌ನ ಸೋವಿಯತ್ ಸ್ಮಾರಕ ಬ್ರಾಂಡೆನ್‌ಬುರ್ಗ್ ದ್ವಾರದಿಂದ ನಡೆಯುವಷ್ಟೇ ದೂರ. 1945ರ ನವೆಂಬರ್‌ನಲ್ಲಿ ಉದ್ಘಾಟನೆಯಾದಾಗ ನಾಲ್ಕೂ ಸೇನೆಗಳು ಸೇರಿದ್ದವು. ಜಾಗ ಬಿದ್ದದ್ದು ಬ್ರಿಟಿಷ್ ವಲಯದಲ್ಲಿ. ಮುಂದೆ ಊರು ಎರಡಾದರೂ ಪೂರ್ವದಿಂದ ಸೋವಿಯತ್ ಸೈನಿಕರು ಕಾವಲಿಗೆ ಬಂದುಹೋಗುತ್ತಿದ್ದರು. ಟ್ರೆಪ್ಟೊ ಪಾರ್ಕಿನ ಸೋವಿಯತ್ ಸ್ಮಾರಕ ಇನ್ನೂ ದೊಡ್ಡದು, ಏಳು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಹೂಳಿದ ಜಾಗ. ಅಲ್ಲಿನ ಕಲ್ಲುಗಳ ಮೇಲೆ ಸ್ಟಾಲಿನ್ನನ ಮಾತುಗಳು ಚಿನ್ನದ ಅಕ್ಷರದಲ್ಲಿ ಈಗಲೂ ಇವೆ.

ಸ್ಪಾಂಡೌ ಜೈಲು ನೋಡಬೇಕೆಂದು ಪಟ್ಟಿಯಲ್ಲಿ ಬರೆದುಕೊಂಡಿದ್ದರೆ ಹೊಡೆದುಹಾಕಿ. ಜಗಳದ ಕಾಲದಲ್ಲೂ ನಾಲ್ಕು ದೇಶಗಳವರು ತಿಂಗಳಿಗೊಬ್ಬರಂತೆ ಸರದಿಯಲ್ಲಿ ಕಾದ, ನಾಜಿ ಯುದ್ಧಾಪರಾಧಿಗಳ ಜೈಲು ಅದು. ಕೊನೆಗೆ ಉಳಿದಿದ್ದವನು ಒಂದು ಕಾಲದಲ್ಲಿ ಹಿಟ್ಲರನ ಬಲಗೈಯಾಗಿದ್ದ ರುಡಾಲ್ಫ್ ಹೆಸ್ ಒಬ್ಬನೇ. 1987ರಲ್ಲಿ ಅವನು ಸತ್ತ ಕೂಡಲೇ ಕೆಡವಿದರು, ಆ ಜಾಗದಲ್ಲಿ ಅಂಗಡಿ ಸಂಕೀರ್ಣ ಬಂತು. ಸೋಮವಾರ ಕಾರ್ಲ್‌ಸ್‌ಹೋರ್ಸ್ಟ್, ಕ್ಲೇಅಲೀ ಎರಡೂ ಮ್ಯೂಸಿಯಂ ಬಾಗಿಲು ಹಾಕಿರುತ್ತವೆ. ಅವತ್ತಿಗೆ ಟ್ರೆಪ್ಟೊ, ಟೀರ್‌ಗಾರ್ಟನ್, ಟೆಂಪೆಲ್‌ಹೋಫ್ ಇಟ್ಟುಕೊಳ್ಳಿ. ಟೆಂಪೆಲ್‌ಹೋಫ್‌ನ ಗೇಟುಗಳನ್ನು ಸೂರ್ಯ ಮುಳುಗುವಾಗ ಮುಚ್ಚುತ್ತಾರೆ, ಚಳಿಗಾಲದಲ್ಲಿ ಅದು ನಾಲ್ಕು ಗಂಟೆಗೇ ಆಗಿಬಿಡುತ್ತದೆ.