ಕೆಂಪಿನೊಳಗೆ ಕೆಂಪು: ಕುರಿ ಪ್ಯಾಂಕ್ರಿಯಾಸ್‌ನಲ್ಲಿ ಇಯೋಸಿನೋಫಿಲ್ ಬೇಟೆ

ಕೊನೆಗೂ ಸಿಕ್ಕಿಬಿದ್ದವು! ಕುರಿಯ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ತೆಳುವಾಗಿ ಕೊಯ್ದು ಕೆಂಪು ಡೈ ಹಾಕಿದ್ದೆ. ಕ್ಷಾರದಲ್ಲಿ, ಪಿಎಚ್ 10.5ರಲ್ಲಿ, ಅಸೈನಸ್‌ಗಳೆಲ್ಲ (ಜೀರ್ಣರಸ ಸುರಿಸುವ ಕೋಶಗಳ ಗೊಂಚಲು) ಮಂಕಾದವು, ಇಯೋಸಿನೋಫಿಲ್‌ಗಳು (ಅಲರ್ಜಿ, ಹುಳುಗಳ ವಿರುದ್ಧ ಬರುವ ಬಿಳಿ ರಕ್ತಕಣಗಳು) ಮಾತ್ರ ಕಡುಗೆಂಪಾಗಿ ಉಳಿದವು. ಎಂಬೆಡಿಂಗ್ (ಮೇಣದಲ್ಲಿ ಕೂರಿಸುವುದು), ಕಟಿಂಗ್ ಎಲ್ಲ ಮಾಮೂಲಿ, ಬರೆಯಲ್ಲ. ಒಂದೇ ಮಾತು: ಪ್ಯಾಂಕ್ರಿಯಾಸ್ ಬೇಗ ತನ್ನನ್ನೇ ಅರಗಿಸಿಕೊಳ್ಳುತ್ತದೆ. ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರವ) ಡಬ್ಬಿಯನ್ನು ಮಟನ್ ಅಂಗಡಿಗೇ ಒಯ್ಯಿರಿ. ಅಲ್ಲಿನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಎಚ್ ಅಂಡ್ ಇ (ಹೆಮಟಾಕ್ಸಿಲಿನ್-ಇಯೋಸಿನ್, ಅಂಗಾಂಶಕ್ಕೆ ಹಾಕುವ ಮಾಮೂಲಿ ಬಣ್ಣ) ಸಾಕಲ್ವಾ ಅಂತ ಗೆಳೆಯರು ಕೇಳುತ್ತಲೇ ಇದ್ದರು. ಕರುಳಿಗೆ ಸಾಕು. ಇಲ್ಲಿ ಅಸೈನಸ್‌ನ ಝೈಮೋಜನ್ ಕಣಗಳೂ (ಜೀರ್ಣಕ ಕಿಣ್ವ ತುಂಬಿದ ಕಣಗಳು) ಇಯೋಸಿನ್ ಹೀರಿ ಕೆಂಪು, ಕೆಂಪು ರಕ್ತಕಣಗಳೂ ಕೆಂಪು. ಎರಡು ಹಾಲೆಯ ನ್ಯೂಕ್ಲಿಯಸ್ ನೋಡಿ ಗುರುತು ಹಿಡಿಯಬಹುದು, ನಿಜ. ಆದರೆ ಉರಿಯೂತದ ಜಾಗದಲ್ಲಿ ಎಷ್ಟೋ ಕೋಶಗಳು ಒಡೆದು ಕಣಗಳನ್ನು ಸುತ್ತ ಚೆಲ್ಲಿರುತ್ತವೆ. ನ್ಯೂಕ್ಲಿಯಸ್ಸೇ ಇಲ್ಲದಿದ್ದರೆ ಏನನ್ನು ಎಣಿಸೋದು? ನನಗೆ ಬೇಕಾದದ್ದೇ ಆ ಚೆಲ್ಲಿದ ಕಣಗಳು. ಇಯೋಸಿನೋಫಿಲ್ ಬಿಡುವ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್, ಪ್ಯಾಂಕ್ರಿಯಾಸ್‌ನ ಸ್ಟೆಲೇಟ್ (ನಕ್ಷತ್ರಾಕಾರದ) ಕೋಶಗಳನ್ನು ಕೆರಳಿಸಿ ನಾರು ಕಟ್ಟಿಸಬಲ್ಲದು. ಮನುಷ್ಯರ ಒಂದನೇ ಬಗೆಯ ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್‌ನಲ್ಲಿ (ದೇಹದ ರಕ್ಷಣಾ ವ್ಯವಸ್ಥೆಯೇ ಪ್ಯಾಂಕ್ರಿಯಾಸ್ ಮೇಲೆ ಬೀಳುವ ಉರಿಯೂತ) ಐಜಿಜಿ4 ಎಂಬ ಪ್ರತಿಕಾಯ ಮಾಡುವ ಪ್ಲಾಸ್ಮಾ ಕೋಶಗಳ ಜೊತೆ ಇಯೋಸಿನೋಫಿಲ್‌ಗಳೂ ಇರುತ್ತವೆ. ಅಪರೂಪದ ಇಯೋಸಿನೋಫಿಲಿಕ್ ಪ್ಯಾಂಕ್ರಿಯಾಟೈಟಿಸ್ ಅಂತೂ ಕ್ಯಾನ್ಸರ್ ಗಡ್ಡೆಯ ಥರವೇ ಕಾಣುತ್ತದೆ. ಸ್ಟೀರಾಯ್ಡ್‌ಗೆ ಬಗ್ಗುವ ಕಾಯಿಲೆಗೆ ಆಪರೇಷನ್ ಆಗಿರುವುದೂ ಉಂಟು.

ದಾರಿ ಹಳೆಯದೇ. 1961ರಲ್ಲಿ ಸ್ಪೈಸರ್ ಮತ್ತು ಲಿಲ್ಲಿ ಎಂಬ ವಿಜ್ಞಾನಿಗಳು ಬೀಬ್ರಿಶ್ ಸ್ಕಾರ್ಲೆಟ್ ಎಂಬ ಕೆಂಪು ಡೈಯನ್ನು ಕ್ಷಾರದಲ್ಲಿ ಬಳಸಿ ತೋರಿಸಿದ್ದರು. ಈ ಡೈ ನೆಗೆಟಿವ್, ಪಾಸಿಟಿವ್ ಚಾರ್ಜ್ ಇದ್ದಲ್ಲಿ ಅಂಟುತ್ತದೆ. ಪಿಎಚ್ ಏರಿದಂತೆ ಸಾಮಾನ್ಯ ಪ್ರೋಟೀನ್‌ಗಳು ಪಾಸಿಟಿವ್ ಚಾರ್ಜ್ ಕಳೆದುಕೊಂಡು ಬಣ್ಣ ಬಿಡುತ್ತವೆ. ಇಯೋಸಿನೋಫಿಲ್ ಕಣದ ಮೇಜರ್ ಬೇಸಿಕ್ ಪ್ರೋಟೀನ್‌ನಲ್ಲಿ ಆರ್ಜಿನಿನ್ (ಕ್ಷಾರದಲ್ಲೂ ಪಾಸಿಟಿವ್ ಆಗೇ ಉಳಿಯುವ ಅಮೈನೋ ಆಮ್ಲ) ಜಾಸ್ತಿ, ಅದು ಬಣ್ಣ ಬಿಡಲ್ಲ.

ರಕ್ತದ ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ಸವರಿದ ರಕ್ತದಲ್ಲಿ) ಪಿಎಚ್ 8.5 ಸಾಕಾಯ್ತು. ಪ್ಯಾಂಕ್ರಿಯಾಸ್‌ನಲ್ಲಿ ಕೆಂಪು ರಕ್ತಕಣದ ಬಣ್ಣ ಮಾಯ, ಅಸೈನಸ್ ಮಾತ್ರ ಹಾಗೇ ಕೆಂಪು! ಡೈ ಬದಲಿಸಿದೆ, ಸಮಯ ಬದಲಿಸಿದೆ, ಯಾವುದಕ್ಕೂ ಜಗ್ಗಲಿಲ್ಲ. ಆಮೇಲೆ ಹೊಳೆಯಿತು: ಇದು ಮೆಲುಕು ಹಾಕುವ ಪ್ರಾಣಿ. ಹೊಟ್ಟೆಯ ಸೂಕ್ಷ್ಮಜೀವಿಗಳ ಆರ್‌ಎನ್‌ಎ ಅರಗಿಸಲು ಇವಕ್ಕೆ ರೈಬೋನ್ಯೂಕ್ಲಿಯೇಸ್ (ಆರ್‌ಎನ್‌ಏಸ್) ಎಂಬ ಕಿಣ್ವ ಹೇರಳ. ಬಯೋಕೆಮಿಸ್ಟ್‌ಗಳ ಮುದ್ದಿನ ಆರ್‌ಎನ್‌ಏಸ್ ಎ ಬಂದದ್ದೂ ದನದ ಪ್ಯಾಂಕ್ರಿಯಾಸ್‌ನಿಂದಲೇ. ಅದರ ಐಸೋಎಲೆಕ್ಟ್ರಿಕ್ ಪಾಯಿಂಟ್ (ಪ್ರೋಟೀನ್‌ನ ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್; ಅದಕ್ಕಿಂತ ಕೆಳಗೆ ಪಾಸಿಟಿವ್) 9.6ರ ಆಸುಪಾಸು, ದನದ ಟ್ರಿಪ್ಸಿನೋಜನ್‌ದೂ (ಇನ್ನೊಂದು ಜೀರ್ಣಕ ಕಿಣ್ವದ ಮೂಲರೂಪ) 9ರ ಮೇಲೆ. ಕುರಿಯದ್ದೂ ಹೆಚ್ಚುಕಮ್ಮಿ ಹಾಗೇ ಇದ್ದರೆ, 8.5ರಲ್ಲಿ ಇವು ಬಣ್ಣ ಬಿಡುವುದಾದರೂ ಹೇಗೆ? ಗ್ಲೈಸಿನ್-ಸೋಡಿಯಂ ಹೈಡ್ರಾಕ್ಸೈಡ್ ಬಫರ್‌ನಲ್ಲಿ 10ಕ್ಕೆ ಏರಿಸಿದೆ, ಮಸುಕಾಯ್ತು. 10.5ಕ್ಕೆ ಸ್ವಚ್ಛ.

ಆದರೆ ಅಷ್ಟು ಕ್ಷಾರದಲ್ಲಿ ಸೆಕ್ಷನ್‌ಗಳೇ (ತೆಳುವಾಗಿ ಕೊಯ್ದ ಪದರಗಳು) ಸ್ಲೈಡ್ ಬಿಟ್ಟು ತೇಲಿಹೋದವು. ಅಂಟಿಗೆ ಆಲ್ಬುಮಿನ್ ಹಚ್ಚಿದ್ದೆಲ್ಲ ದಂಡ. ಜಿಲೆಟಿನ್-ಕ್ರೋಮ್ ಆಲಮ್ ಎಂಬ ಗಟ್ಟಿ ಅಂಟು ಬಳಿದು, ರಾತ್ರಿಯಿಡೀ 60 ಡಿಗ್ರಿಯಲ್ಲಿ ಒಣಗಿಸಿದ ಮೇಲೆ ನಿಂತವು.

ಡೈ ತರಿಸಿದ ಕತೆ ಕೇಳಲೇಬೇಡಿ. ಆಸಿಡ್ ರೆಡ್ 66 (ಬೀಬ್ರಿಶ್ ಸ್ಕಾರ್ಲೆಟ್‌ನ ಇನ್ನೊಂದು ಹೆಸರು) ಕೇಳಿದರೆ 73 ಬಂತು. ಫೋನ್ ಮಾಡಿದರೆ “ಎರಡೂ ಕೆಂಪೇ ಸಾರ್” ಅಂದ ಪುಣ್ಯಾತ್ಮ. ವಾಪಸ್ ಕಳಿಸುವ ಖರ್ಚು ನನ್ನದೇ ಅಂತೆ.

ಈ ಕುರಿಯಲ್ಲಿ ಒಂದು ನಾಳದ ಗೋಡೆ ದಪ್ಪಗಿತ್ತು. ಅದರ ನಾರಿನ ನಡುವೆ, ಯಾವ ಕೋಶಕ್ಕೂ ಸೇರದ ಕೆಂಪು ಪುಡಿ ತುಂಬಿದೆ. ಹುಳು ಸಿಗಲಿಲ್ಲ, ಆದರೂ ನನ್ನ ಅನುಮಾನ ಯೂರಿಟ್ರೆಮಾ ಮೇಲೆ. ಪ್ಯಾಂಕ್ರಿಯಾಸ್ ನಾಳದಲ್ಲೇ ಮನೆ ಮಾಡುವ ಈ ಚಪ್ಪಟೆ ಹುಳು ಬಸವನಹುಳುವಿನಿಂದ ಮಿಡತೆಗೆ, ಮಿಡತೆ ಕೂತ ಹುಲ್ಲಿನ ಜೊತೆ ಕುರಿಗೆ ದಾಟುತ್ತದೆ. ಹಾಗಾಗಿ ಮುಂದಿನ ಪ್ರಾಜೆಕ್ಟ್ ಮಿಡತೆ. ಮಳೆ ನಿಂತ ಮೇಲೆ ಬಲೆ ಹಿಡಿದು ಹೊರಡುತ್ತೇನೆ. ಮಿಡತೆಯ ಚಿಪ್ಪು ಸೆಕ್ಷನ್ ಹರಿಯದಂತೆ ಮೆದು ಮಾಡುವ ಉಪಾಯ ಯಾರ ಹತ್ತಿರವಾದರೂ ಇದ್ದರೆ ಈಗಲೇ ಹೇಳಿ. ಬ್ಲೇಡ್‌ಗಳು ದುಬಾರಿ.